ನೋಯದ ಜಡೆ

ಗೌರಿ ಹಬ್ಬದ ಬೆಳಿಗ್ಗೆ ನನ್ನ ಮಗಳು ಬಚ್ಚಲುಮನೆಯ ಚಿಲಕ ಹಾಕಿಕೊಂಡು ತನ್ನ ಕೂದಲನ್ನು ತಾನೇ ಕತ್ತರಿಸಿಕೊಂಡಳು. ಆಗ ಅವಳಿಗೆ ಐದು ವರ್ಷ ತುಂಬಲು ಇನ್ನೂ ಎರಡು ತಿಂಗಳಿತ್ತು. ಕತ್ತರಿ ಅಡುಗೆಮನೆಯದು, ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಲು ಇಟ್ಟುಕೊಂಡಿದ್ದು. ನಾನು ಬಾಗಿಲು ಬಡಿದು, ಕೂಗಿ, ಕೊನೆಗೆ ಗಂಡನನ್ನು ಕರೆಯಬೇಕು ಅನ್ನುವಷ್ಟರಲ್ಲಿ ಅವಳೇ ಚಿಲಕ ತೆಗೆದಳು. ಎಡಗಡೆ ಕೂದಲು ಕಿವಿಯ ಕೆಳಗೆ ನಿಂತಿತ್ತು, ಬಲಗಡೆ ಇನ್ನೂ ಬೆನ್ನ ಮೇಲೆ ಇಳಿಬಿದ್ದಿತ್ತು. ಒದ್ದೆ ನೆಲದ ಮೇಲೆ ಒಂದು ಮೊಳ ಕೂದಲು ಅಂಟಿಕೊಂಡಿತ್ತು. ಅವಳ ಮುಖದಲ್ಲಿ ತಪ್ಪು ಮಾಡಿದ ಭಯ ಇರಲಿಲ್ಲ. ತುಂಬ ದಿನದ ಕೆಲಸವೊಂದು ಮುಗಿಯಿತು ಅನ್ನುವ ಸಮಾಧಾನ ಇತ್ತು.

"ಇನ್ಮೇಲೆ ನೋಯಲ್ಲ ಅಲ್ವಾ ಅಮ್ಮ?" ಎಂದು ಕೇಳಿದಳು.

ನನ್ನ ಹಿಂದೆ ಅತ್ತೆ ನಿಂತಿದ್ದರು. ಅವರ ಕೈಯಲ್ಲಿ ಹಿಂದಿನ ಸಂಜೆಯಿಂದ ಫ್ರಿಜ್ಜಿನಲ್ಲಿಟ್ಟಿದ್ದ ಮಲ್ಲಿಗೆ ಮೊಗ್ಗಿನ ಡಬ್ಬಿ. ಡಬ್ಬಿಯನ್ನು ಮತ್ತೆ ಫ್ರಿಜ್ಜಿನಲ್ಲಿಟ್ಟು ದೇವರಮನೆಗೆ ಹೋದರು.

ಅತ್ತೆಯ ಮೌನದ ಭಾರ ತಿಳಿಯಬೇಕಾದರೆ ಅವರ ಕೈಯ ವಿಷಯ ಹೇಳಬೇಕು. ಕತ್ರಿಗುಪ್ಪೆಯ ಈ ಬಾಡಿಗೆ ಮನೆಗೆ ನಮ್ಮ ಜೊತೆ ಬರುವ ಮೊದಲು ಅವರು ಮೂವತ್ತು ವರ್ಷ ತ್ಯಾಗರಾಜನಗರದ ಒಂದೇ ಬೀದಿಯಲ್ಲಿದ್ದವರು. ಆ ಬೀದಿಯಲ್ಲಿ ಹುಡುಗಿಯರಿದ್ದ ಮನೆಯವರೆಲ್ಲ ಹಬ್ಬ, ಮದುವೆ, ಆರತಿ ಬಂತೆಂದರೆ ಮಗುವನ್ನು ಅತ್ತೆಯ ಮುಂದೆ ತಂದು ಕೂರಿಸುತ್ತಿದ್ದರು. ಬಾಳೆಪಟ್ಟೆಯ ಮೇಲೆ ಮೊಗ್ಗು ಪೋಣಿಸಿ, ಜಡೆಗೆ ಹೊಲಿದು, ತುದಿಗೆ ಕುಚ್ಚು ಕಟ್ಟಿ ಅವರು ಎಬ್ಬಿಸಿದರೆ ಆ ಹುಡುಗಿ ಬೆನ್ನು ಬಗ್ಗಿಸದೆ ನಡೆಯುತ್ತಿದ್ದಳಂತೆ. ಅವರಿಗೆ ಇಬ್ಬರೂ ಗಂಡುಮಕ್ಕಳು. ಮೊದಲ ಮೊಮ್ಮಗಳು ಹುಟ್ಟಿದಾಗ ಆಸ್ಪತ್ರೆಯಲ್ಲಿ ಅವರು ಮೊದಲು ಮುಟ್ಟಿ ನೋಡಿದ್ದು ಮಗುವಿನ ತಲೆಯನ್ನು. "ದಟ್ಟಗಿದೆ" ಎಂದು ನಕ್ಕಿದ್ದರು.

ಕೂದಲು ನಿಜವಾಗಿಯೂ ದಟ್ಟವಾಗಿಯೇ ಬೆಳೆಯಿತು. ಆದರೆ ಬಾಚಣಿಗೆ ಕಂಡರೆ ಮಗಳು ಸೋಫಾದ ಹಿಂದೆ ಹೋಗಿ ಕೂರುತ್ತಿದ್ದಳು. ಸಿಕ್ಕು ಬಿಡಿಸಲು ಕೈ ಹಾಕಿದರೆ ಎರಡನೇ ಮಹಡಿಯಿಂದ ಕೆಳಗಿನ ಗೇಟಿನವರೆಗೆ ಕೇಳುವ ಹಾಗೆ ಕಿರುಚುತ್ತಿದ್ದಳು. ಜಯನಗರದ ಆಫೀಸಿಗೆ ನಾನು ಒಂಬತ್ತಕ್ಕೆ ಮನೆ ಬಿಡಬೇಕು. ಬಸ್ಸು, ಡಬ್ಬಿ, ಯೂನಿಫಾರ್ಮು, ಇದೆಲ್ಲದರ ನಡುವೆ ಅವಳ ತಲೆಯನ್ನು ಎರಡು ಮೊಣಕಾಲುಗಳ ಮಧ್ಯೆ ಸಿಕ್ಕಿಸಿಕೊಂಡು ಬಾಚುತ್ತಿದ್ದೆ. "ಸುಮ್ನಿರು, ಇಷ್ಟಕ್ಕೆಲ್ಲ ಯಾರಾದ್ರೂ ಅಳ್ತಾರಾ?" ಎಂದು ದಿನಕ್ಕೆ ಎಷ್ಟು ಸಲ ಅನ್ನುತ್ತಿದ್ದೆನೋ. ಹಬ್ಬದ ದಿನವಂತೂ ಅತ್ತೆ, ನಾನು ಇಬ್ಬರೂ ಸೇರುತ್ತಿದ್ದೆವು. ಒಬ್ಬರು ಹಿಡಿದುಕೊಳ್ಳುವುದು, ಒಬ್ಬರು ಹೆಣೆಯುವುದು. ಆ ಗೌರಿ ಹಬ್ಬದ ಬೆಳಿಗ್ಗೆ ಮೊದಲ ಸುತ್ತು ಮುಗಿಸಿ, ಅತ್ತು ಕೆಂಪಾದ ಮುಖ ತೊಳೆದುಕೊಂಡು ಬಾ ಎಂದು ನಾನೇ ಅವಳನ್ನು ಬಚ್ಚಲಿಗೆ ಕಳಿಸಿದ್ದೆ.

ಅವಳು ಆ ಪ್ರಶ್ನೆ ಕೇಳಿದಾಗ ನಾನು ಅವಳನ್ನು ಎತ್ತಿಕೊಂಡು ನೆಲದ ಮೇಲೇ ಕೂತುಬಿಟ್ಟೆ. ನೋಯುತ್ತದೆ ಎಂದು ಅವಳು ಎರಡು ವರ್ಷದಿಂದ ಹೇಳುತ್ತಿದ್ದಳು. ನಂಬದೆ ಇದ್ದದ್ದು ನಾನು.

ಪೂಜೆ ಮುಗಿಸಿ ಮಧ್ಯಾಹ್ನ ಅವಳನ್ನು ನಮ್ಮ ರಸ್ತೆಯ ಕೊನೆಯಲ್ಲಿರುವ ಬ್ಯೂಟಿ ಪಾರ್ಲರಿಗೆ ಕರೆದುಕೊಂಡು ಹೋದೆ. ಕಾರ್ ನಿಲ್ಲಿಸುವ ಜಾಗಕ್ಕೆ ಗಾಜಿನ ಬಾಗಿಲು ಹಾಕಿ ಮಾಡಿದ ಪುಟ್ಟ ಅಂಗಡಿ ಅದು. ನಡೆಸುವಾಕೆಗೆ ನನ್ನದೇ ವಯಸ್ಸಿರಬಹುದು. ಹಬ್ಬದ ದಿನ ಬೆಳಗಿನ ಗಿರಾಕಿಗಳು ಮುಗಿದು ಆಕೆ ಆಗಷ್ಟೇ ಊಟಕ್ಕೆ ಕೂತಿದ್ದರು. ಮಗಳ ತಲೆ ನೋಡಿ ನಗಲಿಲ್ಲ. ಕೈ ತೊಳೆದು ಬಂದು, ಕುರ್ಚಿಯ ಮೇಲೆ ಹಲಗೆಯಿಟ್ಟು ಅವಳನ್ನು ಕೂರಿಸಿ, ಬಾಚಣಿಗೆಯನ್ನು ಅವಳ ಕೈಗೇ ಕೊಟ್ಟರು.

"ಇದನ್ನ ನೀನೇ ಹಿಡ್ಕೋ ಪುಟ್ಟ. ನಾನ್ ಕೇಳ್ದಾಗ ಮಾತ್ರ ಕೊಡು."

ಮಗಳು ಬಾಚಣಿಗೆಯನ್ನು ಎದೆಗೆ ಒತ್ತಿಕೊಂಡಳು. ಆಕೆ ಬೆರಳಿನಿಂದ ನೆತ್ತಿಯ ಹತ್ತಿರ ಒಂದು ಎಳೆ ಎತ್ತಿದರು, ಅಷ್ಟೇ. ಮಗಳ ಭುಜ ಕಿವಿಯವರೆಗೆ ಏರಿತು. ಆಕೆ ತಕ್ಷಣ ಕೈಬಿಟ್ಟು ನನ್ನ ಕಡೆ ತಿರುಗಿದರು.

"ಇವ್ಳು ನಾಟಕ ಆಡ್ತಿಲ್ಲ ಮೇಡಂ. ಕೆಲವು ಮಕ್ಳಿಗೆ ನೆತ್ತಿ ತುಂಬಾ ನಾಜೂಕು. ನಮಗೆ ಮುಟ್ಟಿದ ಹಾಗಿರೋದು ಅವ್ರಿಗೆ ಕಿತ್ತ ಹಾಗಿರತ್ತೆ. ಸ್ವಲ್ಪ ಇತ್ಲಾಗ್ ಕೂತ್ಕೊಳಿ."

ಪಕ್ಕದ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಕ್ಲಿಪ್ಪು ತೆಗೆದು, ನನ್ನ ಕೂದಲಿಗೆ ಮೇಲಿನಿಂದ ಬಾಚಣಿಗೆ ಹಾಕಿ ಒಮ್ಮೆ ಎಳೆದರು. ಕಣ್ಣಲ್ಲಿ ನೀರು ಬಂತು. ಆಮೇಲೆ ಬುಡದ ಹತ್ತಿರ ಕೂದಲನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು, ತುದಿಯಿಂದ ಶುರುಮಾಡಿ ಮೇಲಕ್ಕೆ ಸಿಕ್ಕು ಬಿಡಿಸಿದರು. ಏನೂ ತಿಳಿಯಲಿಲ್ಲ.

"ಗೊತ್ತಾಯ್ತಾ? ಎಳೆತ ಮುಷ್ಟಿಗೆ ಬೀಳ್ಬೇಕು, ನೆತ್ತಿಗಲ್ಲ. ರಬ್ಬರ್ ಬ್ಯಾಂಡ್ ಎಲ್ಲಾ ಎಸೀರಿ. ಬಟ್ಟೆದು ತಗೊಳ್ಳಿ. ಇನ್ನೊಂದೇನಂದ್ರೆ, ಅವ್ಳು ನಿಲ್ಲು ಅಂದಾಗ ನಿಲ್ಲಿಸ್ಬೇಕು. ಆಗ್ಲೇ. ಇನ್ನೊಂದೇ ಒಂದು ಎಳೆ ಅಂತ ಹೇಳಂಗಿಲ್ಲ."

ಇಪ್ಪತ್ತು ನಿಮಿಷದ ಕೆಲಸಕ್ಕೆ ಆವತ್ತು ಒಂದೂವರೆ ಗಂಟೆ ಹಿಡಿಯಿತು. ಎರಡೂ ಕಡೆ ಗಲ್ಲದ ಮಟ್ಟಕ್ಕೆ ಸಮ ಮಾಡಿ, ಹಣೆಯ ಮೇಲೆ ಒಂದಿಷ್ಟು ಇಳಿಬಿಟ್ಟರು. ಮಗಳು ಕನ್ನಡಿ ನೋಡಿಕೊಂಡು, ಕತ್ತು ಅಲ್ಲಾಡಿಸಿ, ಕೂದಲು ಕೆನ್ನೆಗೆ ಬಡಿಯುವುದನ್ನು ಕಂಡು ನಕ್ಕಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಕತ್ತು ಅಲ್ಲಾಡಿಸುತ್ತಲೇ ಬಂದಳು.

ಮಾರನೆಯ ದಿನ ಗಣೇಶನ ಹಬ್ಬಕ್ಕೆ ಬಂದ ನೆಂಟರೆಲ್ಲ "ಅಯ್ಯೋ, ಅಷ್ಟುದ್ದ ಕೂದ್ಲು!" ಎಂದರು. ಅತ್ತೆ ಕಡುಬು ಬಡಿಸುತ್ತ, "ಅವರಮ್ಮನ್ನೇ ಕೇಳಿ" ಎಂದಷ್ಟೇ ಹೇಳುತ್ತಿದ್ದರು.

ಅದಾಗಿ ಮೂರು ವಾರ ನಾನು ಮಗಳ ತಲೆಗೆ ಬಾಚಣಿಗೆ ಹಾಕಲಿಲ್ಲ. ಬೆರಳಲ್ಲೇ ಸರಿಮಾಡಿ ಸ್ಕೂಲಿಗೆ ಕಳಿಸಿದೆ. ಸಂಜೆ ನನ್ನ ಕೂದಲನ್ನು ಬಿಚ್ಚಿ ಅವಳ ಮುಂದೆ ಕೂರುತ್ತಿದ್ದೆ. ಬುಡ ಹಿಡಿದು ತುದಿಯಿಂದ ಬಿಡಿಸುವುದನ್ನು ಅವಳು ನನಗಿಂತ ಬೇಗ ಕಲಿತಳು. ನಾನು "ನಿಲ್ಲು" ಅಂದರೆ ಕೈ ಮೇಲೆತ್ತಿ ಕಳ್ಳ ಸಿಕ್ಕಿಬಿದ್ದ ಹಾಗೆ ನಿಲ್ಲುತ್ತಿದ್ದಳು. ಅದು ಅವಳಿಗೆ ಆಟವಾಯಿತು. ದಸರಾ ಹತ್ತಿರ ಬಂದಾಗ ಒಂದು ಸಂಜೆ, "ಈಗ ನಂಗೆ ಮಾಡು. ಆದ್ರೆ ನಿಲ್ಲು ಅಂತ ನಾನು ಹೇಳ್ತೀನಿ" ಅಂದಳು.

ನವರಾತ್ರಿಯ ಒಂಬತ್ತು ದಿನ ನಾನು ಬೇರೆ ಬೇರೆ ಬಗೆ ಮಾಡಿ ನೋಡಿದೆ. ಮೊದಲ ದಿನ ಎರಡು ಕ್ಲಿಪ್ಪು ಮಾತ್ರ. ಅದಕ್ಕೇ ಅವಳು ನಾಲ್ಕು ಸಲ ನಿಲ್ಲಿಸಿದಳು. ಎರಡನೇ ದಿನ ಹಣೆಯ ಎರಡೂ ಕಡೆಯ ಕೂದಲನ್ನು ಎರಡೆಳೆ ಹಗ್ಗದ ಹಾಗೆ ಹುರಿಮಾಡಿ ಹಿಂದಕ್ಕೆ ಸಿಕ್ಕಿಸಿದೆ. ಹೆಣೆಯುವುದಕ್ಕಿಂತ ಹುರಿಮಾಡುವುದಕ್ಕೆ ಎಳೆತ ಕಡಿಮೆ ಎಂದು ಆವತ್ತು ತಿಳಿಯಿತು. ನಡುವೆ ಒಂದು ದಿನ ಪೂರಾ ಕೆಟ್ಟಿತು. ನಾನು ಆಫೀಸಿನ ಗಡಿಬಿಡಿಯಲ್ಲಿ, ಅವಳು ನಿಲ್ಲು ಅಂದಮೇಲೂ ಒಂದು ಎಳೆ ಮುಗಿಸಿಬಿಟ್ಟೆ. ಅವಳು ಎದ್ದು ಹೋದವಳು ಆವತ್ತೆಲ್ಲ ಹತ್ತಿರ ಬರಲಿಲ್ಲ. ಮಾರನೆಯ ದಿನ ಕ್ಷಮೆ ಕೇಳಿ ಮತ್ತೆ ಕ್ಲಿಪ್ಪಿನಿಂದ ಶುರುಮಾಡಿದೆ.

ಅತ್ತೆ ಗೊಂಬೆ ಜೋಡಿಸಿದ ಮೆಟ್ಟಿಲುಗಳ ಪಕ್ಕ ಕೂತು ಇದನ್ನೆಲ್ಲ ನೋಡುತ್ತಿದ್ದರು. ಒಂದು ಸಲ ತಡೆಯಲಾರದೆ ಹೇಳಿಯೇಬಿಟ್ಟರು.

"ಮಗು ಹೇಳ್ದಾಗೆಲ್ಲ ನಿಲ್ಲಿಸ್ತಾ ಕೂತ್ರೆ ಮುಗಿಯೋದ್ಯಾವಾಗ? ನಾವೂ ಮಕ್ಳಿಗೆ ಜಡೆ ಹಾಕಿಲ್ವಾ?"

"ಮುಗೀದಿದ್ರೆ ಬೇಡ ಅತ್ತೆ. ಅರ್ಧ ಜಡೇಲೇ ಹೋಗ್ಲಿ" ಎಂದೆ. ಅಷ್ಟು ಧೈರ್ಯವಾಗಿ ನಾನು ಅವರಿಗೆ ಉತ್ತರ ಕೊಟ್ಟದ್ದು ಅದೇ ಮೊದಲು.

ಆಯುಧಪೂಜೆಯ ದಿನ ಗೆದ್ದೆವು. ಗಲ್ಲದವರೆಗಿನ ಕೂದಲಿಗೆ ಏನು ಮಾಡಲು ಸಾಧ್ಯ ಎಂದು ಯೋಚಿಸಿ ಯೋಚಿಸಿ, ಹಣೆಯಂಚಿನಲ್ಲಿ ಕಿವಿಯಿಂದ ಕಿವಿಯವರೆಗೆ ಐದು ಪುಟಾಣಿ ಜುಟ್ಟು ಕಟ್ಟಿದೆ. ಒಂದು ಜುಟ್ಟಿನ ತುದಿಯನ್ನು ಪಕ್ಕದ ಜುಟ್ಟಿನ ಬುಡಕ್ಕೆ ಸೇರಿಸುತ್ತ ಹೋದರೆ ಕಿರೀಟದ ಹಾಗೆ ಒಂದು ಅಂಚು ಬಂತು. ಪ್ರತಿ ಗಂಟಿಗೂ ಎರಡೆರಡು ಕನಕಾಂಬರ ಸಿಕ್ಕಿಸಿದೆ. ಹಿಂದಿನ ಕೂದಲನ್ನು ಮುಟ್ಟಲೇ ಇಲ್ಲ. ಹತ್ತು ನಿಮಿಷ ಹಿಡಿಯಿತು. ಒಂದೇ ಸಲ ನಿಲ್ಲು ಅಂದಳು, ಅದೂ ಸೀನು ಬಂದದ್ದಕ್ಕೆ. ಗಂಡ ಸ್ಕೂಟರಿಗೆ ಕುಂಕುಮ ಹಚ್ಚುತ್ತಿದ್ದವರು ತಲೆಯೆತ್ತಿ ನೋಡಿ, "ಏ, ಸಖತ್ತಾಗಿದೆ! ಯಾರ್ ಮಾಡಿದ್ದು?" ಅಂದರು.

"ನಾನೂ ಅಮ್ಮಾನೂ" ಎಂದಳು ಮಗಳು.

ಆದರೂ ಅತ್ತೆಯ ಮನಸ್ಸು ಕರಗಿರಲಿಲ್ಲ. ಅದು ಕರಗಿದ್ದು ದೀಪಾವಳಿಯ ಎಣ್ಣೆನೀರಿನ ದಿನ.

ಎಣ್ಣೆನೀರು ನಮ್ಮ ಮನೆಯಲ್ಲಿ ವರ್ಷದ ದೊಡ್ಡ ರಗಳೆ. ಎಣ್ಣೆ ತಿಕ್ಕುವಾಗ, ಸೀಗೆಪುಡಿ ಹಾಕಿ ಉಜ್ಜುವಾಗ, ಒಣಗಿಸುವಾಗ, ಮೂರು ಸಲ ಅಳು. ಈ ಸಲ ನಾನು ಕ್ರಮ ಬದಲಿಸಿದೆ. ಬಿಸಿ ಮಾಡಿದ ಎಣ್ಣೆಯ ಬಟ್ಟಲನ್ನು ಮಗಳ ಕೈಗೆ ಕೊಟ್ಟು, "ಮೊದ್ಲು ನೀನು ನಮಗೆ ಹಚ್ಚು" ಎಂದೆ. ಅವಳು ನನಗೆ ಹಚ್ಚಿ ಮುಗಿಸಿ ನೇರ ಅಜ್ಜಿಯ ಹತ್ತಿರ ಹೋದಳು. ಮಣೆಯ ಮೇಲೆ ಕೂತಿದ್ದ ಅತ್ತೆ ಬೇಡ ಅನ್ನಲಾರದೆ ತುರುಬು ಬಿಚ್ಚಿದರು. ಎಪ್ಪತ್ತರ ಹತ್ತಿರದ ತೆಳ್ಳನೆಯ ಬಿಳಿ ಕೂದಲು. ಮಗಳು ನೆತ್ತಿಗೆ ಎಣ್ಣೆ ಸುರಿದು ಎರಡೂ ಕೈಯಿಂದ ತಿಕ್ಕಿ, ಸಿಕ್ಕೊಂದು ಬೆರಳಿಗೆ ತಗಲಿದಾಗ ಮರೆತು ಎಳೆದುಬಿಟ್ಟಳು.

"ಅಯ್ಯಯ್ಯೋ, ಮೆಲ್ಲಗೆ ಕಣೇ!"

ಮಗಳು ಎರಡೂ ಕೈ ಮೇಲೆತ್ತಿ ನಿಂತಳು. ಮೊಣಕೈಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಅಜ್ಜಿ, ನೋವಾದ್ರೆ ನಿಲ್ಲು ಅನ್ನಿ. ನಿಲ್ಲಿಸ್ತೀನಿ."

ಅವಳು ಮತ್ತೆ ಶುರುಮಾಡಿದಳು. ಸ್ವಲ್ಪ ಹೊತ್ತಾದಮೇಲೆ ಅತ್ತೆ ಮೆಲ್ಲಗೆ, ಏನೋ ಪರೀಕ್ಷೆ ಮಾಡುವವರ ಹಾಗೆ, "ನಿಲ್ಲು" ಎಂದರು. ಕೈಗಳು ಥಟ್ಟನೆ ಮೇಲೆದ್ದವು. ಅತ್ತೆ ತುಂಬ ಹೊತ್ತು ಹಾಗೇ ಕೂತರು. ಮಗಳೂ ಕೈ ಇಳಿಸಲಿಲ್ಲ. ಕೊನೆಗೆ ಅತ್ತೆ, "ಹೂಂ, ಈಗ ಹಚ್ಚು" ಎಂದರು. ಅವರ ಧ್ವನಿ ಬೇರೆಯಾಗಿತ್ತು.

ಮಗಳು ಸ್ನಾನ ಮುಗಿಸಿ ಪಟಾಕಿಯ ಕಡೆ ಓಡಿದ ಮೇಲೆ ಅತ್ತೆ ಬಾಲ್ಕನಿಯಲ್ಲಿ ಕೂದಲು ಒಣಗಿಸಿಕೊಳ್ಳುತ್ತ ನನ್ನನ್ನು ಕರೆದರು.

"ನಂಗೂ ನೋಯ್ತಿತ್ತು" ಅಂದರು. "ಚಿಕ್ಕೋಳಿದ್ದಾಗ. ಅಮ್ಮ ಬಾಚಣಿಗೆಯ ಹಿಂಭಾಗದಿಂದ ತಲೆಗೆ ಒಂದು ಕೊಡೋಳು, ಅಲ್ಲಾಡಿದ್ರೆ. ಯಾರ್ ಕೇಳಿದ್ರು ನಮ್ಮನ್ನ? ನೋಯೋದೇ ಜಡೆ ಅನ್ಕೊಂಡಿದ್ದೆ."

ನಾನು ಪಕ್ಕದಲ್ಲಿ ಕೂತು ಅವರ ಕೂದಲಿನ ತುದಿಯನ್ನು ಟವೆಲಿನಲ್ಲಿ ಒತ್ತುತ್ತಿದ್ದೆ. ಅವರು ಬೇಡ ಅನ್ನಲಿಲ್ಲ.

ಆಮೇಲಿನ ಎರಡು ತಿಂಗಳು ಅತ್ತೆ ಹೊಸ ವಿದ್ಯಾರ್ಥಿನಿಯ ಹಾಗಾದರು. ನನ್ನ ಜೊತೆ ಜಯನಗರ ನಾಲ್ಕನೇ ಬ್ಲಾಕಿಗೆ ಬಂದು ಬಟ್ಟೆಯ ಬ್ಯಾಂಡು, ಅಗಲ ಹಲ್ಲಿನ ಬಾಚಣಿಗೆ ಆರಿಸಿದರು. ಪಾರ್ಲರಿನಾಕೆಯ ಹತ್ತಿರ ಹೋಗಿ ಒಂದು ಮಧ್ಯಾಹ್ನವೆಲ್ಲ ಕೂತು ಬಂದರು. ಅಲ್ಲಿ ಇವರು ಮೊಗ್ಗು ಪೋಣಿಸುವುದನ್ನು ಹೇಳಿಕೊಟ್ಟರಂತೆ, ಆಕೆ ಮುಷ್ಟಿ ಹಿಡಿಯುವುದನ್ನು ತೋರಿಸಿದರಂತೆ. ಮೊಗ್ಗನ್ನು ಕೂದಲಿಗೆ ಹೊಲಿಯುವ ಬದಲು ಮೊದಲೇ ದಾರಕ್ಕೆ ಪೋಣಿಸಿಟ್ಟು, ಜುಟ್ಟಿನ ಸುತ್ತ ಬರಿದೆ ಸುತ್ತಿ ಕ್ಲಿಪ್ಪಿನಲ್ಲಿ ಹಿಡಿಸುವ ಉಪಾಯ ಅತ್ತೆಯದೇ. ಸೂಜಿಯ ಕೆಲಸವೆಲ್ಲ ಹಿಂದಿನ ದಿನವೇ ಮುಗಿಯುತ್ತಿತ್ತು. ತಲೆಯ ಮೇಲಿನ ಕೆಲಸ ಮೂರೇ ನಿಮಿಷ.

ಸಂಕ್ರಾಂತಿಯ ಬೆಳಿಗ್ಗೆ ಮಗಳು ಹಸಿರು ರೇಷ್ಮೆ ಲಂಗ ಉಟ್ಟು ನನ್ನ ಮುಂದೆ ಕೂತಿದ್ದಳು. ಕೂದಲು ಆಗ ಕುತ್ತಿಗೆಯನ್ನು ದಾಟಿತ್ತು. ಅತ್ತೆ ಮೊಗ್ಗಿನ ಸರ ಹಿಡಿದು ಬಾಗಿಲಲ್ಲಿ ನಿಂತವರು ನನ್ನನ್ನು ಕೇಳಲಿಲ್ಲ, ನೇರ ಅವಳನ್ನೇ ಕೇಳಿದರು.

"ನಾನ್ ಒಂದ್ಸಲ ಮಾಡ್ಲಾ?"

ಗೌರಿ ಹಬ್ಬದಿಂದ ಅವಳು ಅಜ್ಜಿಗೆ ತಲೆ ಕೊಟ್ಟಿರಲಿಲ್ಲ. ಅಜ್ಜಿಯ ಮುಖ ನೋಡಿದಳು, ಕೈ ನೋಡಿದಳು, ಯೋಚಿಸಿದಳು.

"ಹತ್ತು ಎಣಿಸೋವರ್ಗೂ."

ಅತ್ತೆ ಸೋಫಾದಲ್ಲಿ ಕೂತು ಅವಳನ್ನು ಕಾಲ ಬಳಿ ಕೂರಿಸಿಕೊಂಡು ಜೋರಾಗಿ ಎಣಿಸುತ್ತ ಬೆರಳಾಡಿಸಿದರು. ಹತ್ತು ಅಂದೊಡನೆ, ಕೈಯಲ್ಲಿ ಅರ್ಧ ಹುರಿಯಾಗಿದ್ದ ಎಳೆಯನ್ನು ಬಿಟ್ಟು ಎರಡೂ ಕೈ ಮೇಲೆತ್ತಿದರು. ಎಳೆ ಬಿಚ್ಚಿಕೊಂಡಿತು. ಮೂವತ್ತು ವರ್ಷ ಬೀದಿಯ ಹುಡುಗಿಯರನ್ನೆಲ್ಲ ಅಲುಗಾಡದೆ ಕೂರಿಸಿದ್ದ ಕೈಗಳು ಒಂದು ಮಗುವಿನ ಮಾತಿಗೆ ಗಾಳಿಯಲ್ಲಿ ನಿಂತಿದ್ದವು.

ಮಗಳು ಹಿಂದೆ ತಿರುಗದೆ, "ಇನ್ನೂ ಹತ್ತು" ಎಂದಳು.

ಮತ್ತೆ ಹತ್ತು. ಮತ್ತೆ "ಇನ್ನೂ ಹತ್ತು." ನಾಲ್ಕನೇ ಸಲಕ್ಕೆ ಅವಳು ಎಣಿಕೆಯನ್ನೇ ಮರೆತು, ಸಕ್ಕರೆ ಅಚ್ಚಿನ ಆನೆಯ ಸೊಂಡಿಲು ಚೀಪುತ್ತ ಕೂತಿದ್ದಳು. ಎರಡು ಕಡೆಯ ಹುರಿಗಳು ಹಿಂದೆ ಸೇರಿ ಒಂದು ಪುಟ್ಟ ಜುಟ್ಟಾದವು. ಜುಟ್ಟಿನ ಸುತ್ತ ಮೂರು ಸುತ್ತು ಮಲ್ಲಿಗೆ ಮೊಗ್ಗು, ನಡುವೆ ಒಂದು ಸುತ್ತು ಕನಕಾಂಬರ, ತುದಿಗೆ ಮರುಗದ ಎಲೆ. ಅತ್ತೆ ಕೈ ತೆಗೆದು "ಆಯ್ತು" ಎಂದಾಗ ಅವಳಿಗೆ ನಂಬಿಕೆ ಬರಲಿಲ್ಲ. ಕೈಯಿಂದ ಮುಟ್ಟಿ ನೋಡಿಕೊಂಡಳು. ಎದ್ದು ಕನ್ನಡಿಯ ಮುಂದೆ ಹೋಗಿ, ಬೆನ್ನು ತಿರುಗಿಸಿ, ಕಾಣದೆ, ಮತ್ತೆ ತಿರುಗಿ, ಮೂರು ಸುತ್ತು ಹಾಕಿದಳು. ಲಂಗ ಕೊಡೆಯ ಹಾಗೆ ಅರಳಿತು.

ಅಷ್ಟರಲ್ಲಿ ಕೆಳಗಿನ ಮನೆಯಿಂದ ಅಳು ಕೇಳಿಸಿತು. ಅಲ್ಲಿನ ಹುಡುಗಿ ನನ್ನ ಮಗಳಿಗಿಂತ ಒಂದು ವರ್ಷ ಚಿಕ್ಕವಳು. ಅವಳ ತಾಯಿ ಗದರುತ್ತಿದ್ದುದೂ ಕೇಳಿಸಿತು: "ಸುಮ್ನಿರು! ಎಳ್ಳು ಬೀರೋಕೆ ಹಿಂಗೇ ಹೋಗ್ತೀಯಾ?" ನಾನು ಎದ್ದು ನಿಲ್ಲುವುದರೊಳಗೆ ಮಗಳು ಮೆಟ್ಟಿಲಿಳಿದು ಹೋಗಿದ್ದಳು. ಅವಳ ಧ್ವನಿ ಮಾತ್ರ ಮೇಲೆ ಬಂತು.

"ಆಂಟಿ, ಅವಳನ್ನ ಮೇಲೆ ಕಳ್ಸಿ. ನಮ್ಮಜ್ಜಿ ಹತ್ರ ನೋಯಲ್ಲ!"

ಅತ್ತೆ ನನ್ನ ಮುಖ ನೋಡಿದರು. ಆ ಮಾತು ಅವರನ್ನು ಎಲ್ಲಿ ಮುಟ್ಟಿತೋ, ಸೆರಗಿನಿಂದ ಕಣ್ಣು ಒರೆಸಿಕೊಂಡು, "ಇನ್ನೊಂದಷ್ಟು ಸರ ತೆಗಿ ಫ್ರಿಜ್ಜಿಂದ" ಎಂದರು.

ಆ ಮಗು ಬಂತು. ಹಿಂದೆಯೇ ಅದರ ತಾಯಿ ಬಂದು, ಬಾಚಣಿಗೆ ಹಿಡಿದು ಬಾಗಿಲಲ್ಲೇ ನಿಂತಳು. ಎದುರು ಮನೆಯ ಅಕ್ಕತಂಗಿಯರು ಬಂದರು. ಅವರಲ್ಲಿ ಚಿಕ್ಕವಳಿಗೆ ತಲೆಯಲ್ಲಿ ಜುಟ್ಟಿಗಾಗುವಷ್ಟು ಕೂದಲೇ ಇರಲಿಲ್ಲ. ಅವಳಿಗೆ ಎರಡೇ ಎರಡು ಕ್ಲಿಪ್ಪು ಹಾಕಿ, ಮಧ್ಯೆ ಹೂವಿನ ಸರ ಇಳಿಬಿಟ್ಟು ಹೇರ್‌ಬ್ಯಾಂಡಿನ ಹಾಗೆ ಮಾಡಿದೆವು. ಮೂರನೇ ಮಹಡಿಯವರು, ಪಕ್ಕದ ಕಟ್ಟಡದವರು, ಹೀಗೆ ಒಬ್ಬರ ಹಿಂದೆ ಒಬ್ಬರು ಬಂದು ನಮ್ಮ ಹಾಲಿನ ತುಂಬ ರೇಷ್ಮೆ ಲಂಗಗಳಾದವು. ನಾನು ಸಿಕ್ಕು ಬಿಡಿಸಿ ಕಳಿಸುತ್ತಿದ್ದೆ, ಅತ್ತೆ ಕಟ್ಟುತ್ತಿದ್ದರು, ಮಗಳು ಹೂವು ಕೊಡುತ್ತಿದ್ದಳು. ಗಂಡ ಉಳಿದವರಿಗೆ ಎಳ್ಳು ಬೆಲ್ಲ ಹಂಚುತ್ತ ಸುಮ್ಮನೆ ಕೂರಿಸಿದ್ದರು. ಎಲ್ಲರ ಗಲಾಟೆಯ ಮೇಲೆ ಅತ್ತೆಯ ಕಂಚಿನಂಥ ಧ್ವನಿ ಏರಿತ್ತು.

"ಒಬ್ಬೊಬ್ರೇ ಬನ್ನಿ! ನೋವಾದ್ರೆ ನಿಲ್ಲು ಅನ್ಬೇಕು! ಯಾರೂ ಸಹಿಸ್ಕೊಂಡು ಕೂರ್ಬಾರ್ದು!"

ಒಂದು ಹುಡುಗಿ ತಮಾಷೆಗೆಂದು ಐದಾರು ಸಲ ನಿಲ್ಲು ಅಂದಳು. ಅತ್ತೆ ಐದಾರು ಸಲವೂ ಕೈಯೆತ್ತಿದರು. ಆಮೇಲೆ ಆ ಹುಡುಗಿಗೇ ಬೇಸರವಾಗಿ ನೆಟ್ಟಗೆ ಕೂತಳು. ಬಾಗಿಲಲ್ಲಿ ನಿಂತಿದ್ದ ಕೆಳಗಿನ ಮನೆಯ ತಾಯಿ ನನ್ನ ಪಕ್ಕ ಬಂದು ಕೂತು, "ಆ ಮುಷ್ಟಿ ಹಿಡಿಯೋದು ಹೆಂಗೆ, ಸ್ವಲ್ಪ ತೋರ್ಸಿ" ಎಂದಳು. ತೋರಿಸಿದೆ. ಮುಂದಿನ ಮಗುವಿನ ಸಿಕ್ಕನ್ನು ಅವಳೇ ಬಿಡಿಸಿದಳು.

ಹುಡುಗಿಯರೆಲ್ಲ ಎಳ್ಳಿನ ತಟ್ಟೆ ಹಿಡಿದು ಬೀದಿಗೆ ಇಳಿದಾಗ ನಾವು ಬಾಲ್ಕನಿಯಿಂದ ನೋಡಿದೆವು. ಪಾರ್ಲರಿನಾಕೆ ಗಾಜಿನ ಬಾಗಿಲು ತೆರೆದು ಹೊರಗೆ ಬಂದು, ಸೊಂಟಕ್ಕೆ ಕೈಯಿಟ್ಟು, ಒಂದೊಂದೇ ತಲೆಯನ್ನು ಪರೀಕ್ಷೆ ಮಾಡುವ ಹಾಗೆ ನೋಡಿದರು. ಆಮೇಲೆ ಕತ್ತೆತ್ತಿ ನಮ್ಮ ಕಡೆ ಕೂಗಿದರು.

"ಅಮ್ಮಾ, ನನ್ ಅಂಗಡಿ ಮುಚ್ಚಿಸ್ತೀರಾ ನೀವು!"

ಅತ್ತೆ ಗಟ್ಟಿಯಾಗಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ಮದುವೆಯಾಗಿ ಬಂದ ಮೇಲೆ ನಾನು ಕೇಳಿರಲಿಲ್ಲ.

ಸಂಜೆ ಮಗಳು ಮನೆಗೆ ಬಂದಾಗ ಮೊಗ್ಗುಗಳು ಅರಳಿ ಹೂವಾಗಿದ್ದವು, ಜುಟ್ಟು ಒಂದಿಷ್ಟೂ ಸಡಿಲವಾಗಿರಲಿಲ್ಲ. ಬಿಚ್ಚೋಣ ಅಂದರೆ ಬೇಡ ಅಂದಳು. ಒಳಗೆ ಅತ್ತೆ ವಸಂತಪುರದಲ್ಲಿರುವ ತಂಗಿಗೆ ಫೋನು ಮಾಡಿ, ಕಾಲು ಚಾಚಿ ಕೂತು, ಓಣಿಗೆಲ್ಲ ಕೇಳುವ ಹಾಗೆ ಮಾತಾಡುತ್ತಿದ್ದರು.

"ಹನ್ನೊಂದು ತಲೆ ಕಣೇ! ಇವತ್ತೊಂದೇ ದಿನ! ಒಂದು ಮಗೂನೂ ಅಳ್ಲಿಲ್ಲ. ಹೂಂ ಮತ್ತೆ! ನಿನ್ ಮೊಮ್ಮಗಳನ್ನ ಕರ್ಕೊಂಡು ಬಾ, ಹೇಳ್ಕೊಡ್ತೀನಿ."